ಓಣಿಯ ತೊಟ್ಟಿಲು

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಪಾರ್ಸಲ್ ಬಾರದ ಮನೆ ನಮ್ಮದೊಂದೇ. ಆದರೆ ಪಾರ್ಸಲ್ ತರುವವರಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಮನೆಯೂ ನಮ್ಮದೇ. ಯಾರ ಮನೆಗೆ ಬೀಗ ಹಾಕಿದ್ದರೂ ಅವರ ಡಬ್ಬಿ ನಮ್ಮ ಕಟ್ಟೆಯ ಮೇಲೆ ಇಳಿಯುತ್ತದೆ. ಸಂಜೆ ಒಬ್ಬೊಬ್ಬರೇ ಬಂದು ತಮ್ಮದನ್ನು ಎತ್ತಿಕೊಳ್ಳುತ್ತಾರೆ, ಎತ್ತಿಕೊಂಡವರು ಸುಮ್ಮನೆ ಹೋಗದೆ ನಮ್ಮ ಮನೆಯೊಳಗೆ ಒಮ್ಮೆ ಇಣುಕುತ್ತಾರೆ. ಇಣುಕಲಿಕ್ಕೆ ಅಲ್ಲಿ ಏನಿದೆ ಮಣ್ಣು? ಒಂದು ಅಲ್ಮಾರಿ, ಒಂದು ಮಂಚ, ಗಂಡನ ಹೊಲಿಗೆ ಮಷೀನು, ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ. ಫ್ರಿಜ್ ಇಲ್ಲ, ಸೋಫಾ ಇಲ್ಲ. ಇಷ್ಟು ವರ್ಷವಾದರೂ ಅವರಿಗೆ ಅದೊಂದು ತಮಾಷೆ.

ನನ್ನ ಗಂಡ ದರ್ಜಿ. ಕತ್ತರಿಸಿ ಉಳಿದ ಬಟ್ಟೆಯನ್ನು ಅವರು ಹೊರಗೆ ಎಸೆದದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ದೊಡ್ಡ ಚೂರು ಸಂತೆಯ ಚೀಲವಾಗುತ್ತದೆ, ಸಣ್ಣದು ಹೊದೆಯುವ ಕೌದಿಗೆ ಹೋಗುತ್ತದೆ, ಅದಕ್ಕಿಂತ ಸಣ್ಣದು ದಿಂಬಿನ ಹೊಟ್ಟೆ ಸೇರುತ್ತದೆ. ಹೊಲಿದ ಚೀಲಗಳನ್ನು ಗಿರಾಕಿಗಳಿಗೆ ಸುಮ್ಮನೆ ಕೊಡುತ್ತಾರೆ, ಪ್ಲಾಸ್ಟಿಕ್ ಚೀಲ ಒಯ್ಯಬೇಡಿ ಎಂದು ಒಂದು ಮಾತು ಸೇರಿಸುತ್ತಾರೆ. ಇಂಥದ್ದನ್ನೆಲ್ಲ ಪರಿಸರಸ್ನೇಹಿ ಬದುಕು ಎನ್ನುತ್ತಾರೆಂದು ಪಕ್ಕದ ಮನೆಯ ಟೀವಿಯಲ್ಲಿ ಕೇಳಿದೆ. ಓಣಿಯಲ್ಲಿ ಮಾತ್ರ ಅದಕ್ಕೆ ಹಳೆಯ ಹೆಸರೇ ಉಳಿದಿದೆ, ಕಂಜೂಸ್ ಎಂದು.

ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗಾಜಿನ ಶೋಕೇಸ್ ಒಂದು ಬೇಕೇ ಬೇಕೆಂದು ಹಟ ಹಿಡಿದಿದ್ದೆ. ನನ್ನ ಅತ್ತೆ ಕೌದಿ ಹೊಲಿಯುತ್ತ, ಸೂಜಿಯಿಂದ ಕಣ್ಣು ತೆಗೆಯದೆ, “ಸಾಮಾನಿನ ಧೂಳ ಒರಸಾಕ ಬಂದೀಯೇನ ಈ ಮನೀಗಿ?” ಎಂದು ಕೇಳಿದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆಮೇಲೆ ಯಾವಾಗ ನನಗೇ ಈ ಖಾಲಿ ಮನೆಯ ರುಚಿ ಹತ್ತಿತೋ ಗೊತ್ತಿಲ್ಲ. ಕಸ ಹೊಡೆದರೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು. ಮಧ್ಯಾಹ್ನ ಚಾಪೆ ಎಲ್ಲಿ ಬೇಕಾದಲ್ಲಿ ಹಾಸಬಹುದಿತ್ತು. ಓಣಿಯ ಮಕ್ಕಳು ಬಂದು ಓಡಾಡಿದರೆ ಏನೂ ಬಿದ್ದು ಒಡೆಯುತ್ತಿರಲಿಲ್ಲ, ಯಾರನ್ನೂ ಬೈಯುವ ಕೆಲಸವಿರಲಿಲ್ಲ.

ಆಗಿನ ಓಣಿಯೇ ಹಾಗಿತ್ತು ಎನ್ನಿ. ಏಣಿ ಒಂದು ಮನೆಯಲ್ಲಿ, ಶ್ಯಾವಿಗೆ ಮಣೆ ಇನ್ನೊಂದು ಮನೆಯಲ್ಲಿ, ಮದುವೆಯ ಅಡುಗೆಯ ಹಂಡೆ ಮತ್ತೊಂದು ಮನೆಯಲ್ಲಿ. ಎಲ್ಲವೂ ಎಲ್ಲರದು. ತೊಟ್ಟಿಲಂತೂ ಯಾರದೆಂದು ಯಾರಿಗೂ ನೆನಪೇ ಇರಲಿಲ್ಲ. ಸಾಗವಾನಿ ಕಟ್ಟಿಗೆಯದು, ಎರಡೂ ತುದಿಗೆ ಬಣ್ಣದ ಗಿಳಿಗಳು. ಹಲ್ಲು ಬರುವ ಕೂಸುಗಳು ಕಚ್ಚಿ ಕಚ್ಚಿ ಮೇಲಿನ ಪಟ್ಟಿಯ ತುಂಬ ಗುರುತುಗಳಿದ್ದವು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟುತ್ತದೋ ಅವರ ಮನೆಗೆ ಅದು ಹೋಗಬೇಕು. ನಿಮ್ಮ ಕೂಸು ಇನ್ನೂ ಅದರಲ್ಲೇ ಮಲಗುತ್ತಿದ್ದರೂ ಬೇರೆ ಮನೆಯಲ್ಲಿ ಹೊಸ ಜೀವ ಬಂತೆಂದರೆ ಬಿಟ್ಟುಕೊಡಬೇಕು, ನಿಮ್ಮದನ್ನು ಸೀರೆಯ ಜೋಳಿಗೆಗೆ ಹಾಕಿ ತೂಗಬೇಕು. ಯಾರೂ ಬಂದು ಕೇಳುವುದಿಲ್ಲ, ನೀವೇ ತಿಳಿದು ಕಳಿಸಬೇಕು. ಖಾಲಿ ಕಳಿಸುವಂತಿಲ್ಲ, ಒಳಗೆ ಒಂದಿಷ್ಟು ಜೋಳ, ಕುದಿಸಿದ ಕಡಲೆಯ ಗುಗ್ಗರಿ ಇಡಬೇಕು. ಬಳೆಗಾರರ ಮನೆಯ ಹಿರಿಯಳು, ನಾವೆಲ್ಲ ಖಾಲಾ ಎಂದು ಕರೆಯುವವಳು, ಮಾತ್ರ ಗುಗ್ಗರಿಯ ಬದಲು ಖರ್ಜೂರ ಇಡುತ್ತಿದ್ದಳು. ಇಬ್ಬರು ತೊಟ್ಟಿಲು ಹೊತ್ತು ಹೊರಟರೆ ಹಿಂದೆ ಹೆಂಗಸರ ಹಿಂಡೇ ಹೊರಡುತ್ತಿತ್ತು, ಯಾರ ಕೂಸು ಅದರಲ್ಲಿ ಎಷ್ಟು ಉಚ್ಚೆ ಹೊಯ್ದಿತ್ತೆಂದು ಬೀದಿಯುದ್ದಕ್ಕೂ ಲೆಕ್ಕ ಒಪ್ಪಿಸುತ್ತ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ನನ್ನ ಮಗಳೂ ಅದೇ ತೊಟ್ಟಿಲಲ್ಲಿ ಮಲಗಿದವಳು. ಒಬ್ಬಳೇ ಮಗಳು. ಅಕ್ಕಪಕ್ಕದ ಮಕ್ಕಳ ಬಟ್ಟೆಯನ್ನು ಅಪ್ಪ ಬಿಚ್ಚಿ ಹೊಲಿದುಕೊಟ್ಟದ್ದನ್ನು ಹಾಕಿಕೊಂಡು, ಓಣಿಯ ಹಳೆಯ ಪುಸ್ತಕಗಳನ್ನೇ ಓದಿ ಬೆಳೆದಳು. ಗೊಣಗಿದವಳಲ್ಲ. ಎಂಟನೇ ತರಗತಿಯಲ್ಲಿದ್ದಾಗ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಹೋದಳು. ಅಪ್ಪ ಹೊಲಿದ, ಕನ್ನಡಿ ಚೂರು ಕೂಡಿಸಿದ ಚೀಲವನ್ನು ಕಾಣಿಕೆ ಕೊಡಲಿಕ್ಕೆ ಒಯ್ದಿದ್ದಳು. ಉಳಿದವರೆಲ್ಲ ಮಿರಮಿರ ಕಾಗದ ಸುತ್ತಿದ ಡಬ್ಬಿಗಳನ್ನು ತಂದಿದ್ದರಂತೆ. ಮನೆಗೆ ಬಂದು, ಕೊಡದೆ ವಾಪಸು ತಂದ ಚೀಲವನ್ನು ಗೂಟಕ್ಕೆ ಹಾಕಿ, “ಅವ್ವಾ, ನಾವು ಬಡವರೇನು?” ಎಂದು ಕೇಳಿದಳು.

ನನ್ನ ಬಾಯಿಗೆ ಬೇಗ ಬರುವುದು ಸಿಟ್ಟೇ. ಹೊಟ್ಟೆಗೆ ಏನು ಕಡಿಮೆಯಾಗಿದೆ ನಿನಗೆ ಎಂದು ಗದರಿದೆ. ಅವರಪ್ಪ ಮಷೀನಿನ ಮುಂದೆ ಕೂತಿದ್ದರು, ತುಳಿಯುತ್ತಿದ್ದ ಕಾಲು ನಿಂತಿತು, ತಲೆ ಮಾತ್ರ ಎತ್ತಲಿಲ್ಲ. ಮಗಳು ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆದು ಜಗಳವಾಡಿದ್ದರೆ ಚೆನ್ನಾಗಿತ್ತು. ನಾವಿಬ್ಬರು ಬೇಕೆಂದೇ ಹೀಗೆ ಬದುಕಿದವರು, ಅವಳನ್ನು ಯಾರು ಕೇಳಿದ್ದರು? ನಮ್ಮ ಹಟಕ್ಕೆ ಆ ಕೂಸಿನ ಬಾಲ್ಯ ಬರಿದಾಯಿತೇನೋ ಎನ್ನುವುದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಗಂಡನ ಎದೆಯಲ್ಲೂ ಉಳಿದಿತ್ತೆಂದು ನನ್ನ ಅನುಮಾನ, ಅವರು ಬಾಯಿ ಬಿಟ್ಟವರಲ್ಲ.

ಮಗಳನ್ನು ಹುಮನಾಬಾದಿಗೆ ಕೊಟ್ಟೆವು. ಅಳಿಯನ ಮನೆಯವರದು ಪಕ್ಕದ ಮಾಣಿಕನಗರದಲ್ಲಿ ಅಂಗಡಿ. ಅಲ್ಲಿಯ ಮಠಕ್ಕೆ ಬರುವ ಭಕ್ತರಿಗೆ ಊದಿನಕಡ್ಡಿಯಿಂದ ಹಿಡಿದು ಪ್ಲಾಸ್ಟಿಕ್ ಆಟಿಕೆಗಳವರೆಗೆ ಎಲ್ಲ ಮಾರುತ್ತಾರೆ. ಅಂಗಡಿಯಲ್ಲಿ ಹಿಡಿಯದ್ದು ಮನೆಗೆ ಬಂದು ಕೂತಿದೆಯೋ ಎನ್ನುವಷ್ಟು ಸಾಮಾನು ಅವರ ಮನೆಯಲ್ಲಿ. ಬೀಗಿತ್ತಿ, ಅಂದರೆ ಮಗಳ ಅತ್ತೆ, ಮನಸ್ಸಿನಿಂದ ಬಂಗಾರ. ಆದರೆ ಕೊಳ್ಳುವ ಕೈ ಮಾತ್ರ ಸುಮ್ಮನೆ ಕೂರುವುದಿಲ್ಲ. ಮದುವೆಯಾದ ಮೇಲೆ ಮಗಳು ನಮ್ಮ ಮನೆಗೆ ಬಂದಾಗಲೆಲ್ಲ ನಾನು ಅವಳ ಮುಖ ಓದುತ್ತಿದ್ದೆ. ಅಲ್ಲಿಯ ಸೋಫಾ ಬಿಟ್ಟು ಇಲ್ಲಿಯ ಚಾಪೆಯ ಮೇಲೆ ಕೂರುವಾಗ ಏನಾದರೂ ತಿಳಿದೀತೇ ಎಂದು. ಏನೂ ತಿಳಿಯುತ್ತಿರಲಿಲ್ಲ.

ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಹೆಣ್ಣು ಕೂಸು ಹುಟ್ಟಿತು. ಓಣಿಯ ತೊಟ್ಟಿಲು ಖಾಲಾ ಮನೆಯ ಅಟ್ಟದ ಮೇಲಿತ್ತು. ಅವಳ ಮೊಮ್ಮಗ ಮಲಗಿ ಎದ್ದ ಮೇಲೆ ಯಾರಿಗೂ ಅದು ಬೇಕಾಗಿರಲಿಲ್ಲ, ಆಮೇಲೆ ಹುಟ್ಟಿದ ಕೂಸುಗಳಿಗೆಲ್ಲ ಹೊಸ ತೊಟ್ಟಿಲುಗಳು ಪಾರ್ಸಲಿನಲ್ಲಿ ಬಂದಿದ್ದವು. ಅವನ್ನೂ ನನ್ನ ಕಟ್ಟೆಯ ಮೇಲೇ ಇಳಿಸಿದ್ದರೆನ್ನಿ. ಸುದ್ದಿ ಕೇಳಿದ ದಿನವೇ ಖಾಲಾ ತೊಟ್ಟಿಲು ಇಳಿಸಿ, ಒರೆಸಿ, ಖರ್ಜೂರ ಇಟ್ಟು ಕಳಿಸಿದಳು. ಕೂಸಿಗೆ ನನ್ನ ಅತ್ತೆಯ ಹಳೆಯ ಸೀರೆಯ ಮೆತ್ತನೆಯ ತುಂಡು ಸುತ್ತಿದೆವು, ಹೊಸ ಬಟ್ಟೆ ಎಳೆಯ ಮೈಗೆ ಚುಚ್ಚುತ್ತದೆ. ಆ ಐದು ತಿಂಗಳು ಮನೆ ಮನೆಯಾಗಿತ್ತು. ಮುದಿ ಹೆಂಗಸರೆಲ್ಲ ಮತ್ತೆ ಬಂದು ಕೂತರು, ತೊಟ್ಟಿಲ ಪಟ್ಟಿಯ ಮೇಲೆ ತಮ್ಮ ತಮ್ಮ ಮಕ್ಕಳ ಹಲ್ಲಿನ ಗುರುತು ಹುಡುಕಿದರು. ಎಷ್ಟು ಸುಖವಾಗಿತ್ತೆಂದರೆ ಕಳಿಸುವ ದಿನ ಹತ್ತಿರ ಬಂದದ್ದೇ ಗೊತ್ತಾಗಲಿಲ್ಲ.

ಐದನೇ ತಿಂಗಳಲ್ಲಿ ತಾಯಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವಾಗ ತವರಿನಿಂದ ತೊಟ್ಟಿಲು ಕೊಡುವುದು ನಮ್ಮಲ್ಲಿ ಪದ್ಧತಿ. ಬೀಗಿತ್ತಿ ಮಗಳ ಫೋನಿಗೆ ಒಂದು ಫೋಟೋ ಕಳಿಸಿದರು. ಸ್ಟೀಲಿನದು, ಸೊಳ್ಳೆಪರದೆ ಇದ್ದದ್ದು, ಗುಂಡಿ ಒತ್ತಿದರೆ ತಾನೇ ತೂಗುತ್ತ ಹಾಡುವುದು. ಇಂಥದ್ದೇ ಬೇಕೆಂದು ಅವರೇನೂ ಹೇಳಿರಲಿಲ್ಲ, ನೋಡಿರಿ ಎಂದಷ್ಟೇ ಬರೆದಿದ್ದರು. ಮಗಳು ನನಗೆ ತೋರಿಸಿ, ಏನೂ ಅನ್ನದೆ ಫೋನು ಕೆಳಗಿಟ್ಟಳು. ಅವಳಿಗೆ ಆಸೆಯಿದೆ, ಕೇಳಲಾರಳು ಎಂದುಕೊಂಡೆ.

ಗಂಡನ ಹತ್ತಿರ ಹೋಗಿ, ಹೊಸದು ಕೊಡಿಸಲೇಬೇಕು ಎಂದೆ. ಅವರು ವಾದ ಮಾಡಿದ್ದರೆ ನನಗೆ ಸಮಾಧಾನವಿತ್ತು. ಕೂಸು ಬೆಳೆದರೆ ಮೂರು ತಿಂಗಳಿಗೆ ಮೂಲೆ ಸೇರುವ ಪೆಟ್ಟಿಗೆ ಅದು ಎಂದು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಎದ್ದು ಅಂಗಿ ಹಾಕಿಕೊಂಡು, ನಡೆ ತರೋಣ ಎಂದುಬಿಟ್ಟರು. ಜೀವಮಾನವೆಲ್ಲ ಬೇಡ ಎಂದ ಮನುಷ್ಯ ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಹೆದರಿಕೆಯಾಯಿತು. ಇವರಿಗೂ ನನ್ನ ಹಾಗೇ ಅನ್ನಿಸುತ್ತಿದೆ ಎಂದು ಅವತ್ತು ಖಾತ್ರಿಯಾಯಿತು.

ಚಪ್ಪಲಿ ಮೆಟ್ಟುತ್ತಿದ್ದೆವು. ಮಗಳು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು.

“ಹೊಸಾದು ಬ್ಯಾಡ ಬಿಡು ಅವ್ವಾ. ಸುಮ್ಮ ಖರ್ಚು ಯಾಕ? ಇದೇ ಒಯ್ತೀನಿ.”

ಅಲ್ಲಾ, ಇದಕ್ಕೆ ಖುಷಿಪಡಲೋ ಅಳಲೋ? ಹಳೆಯ ತೊಟ್ಟಿಲು ಇಷ್ಟವೆಂದು ಅಂದಳೋ, ಪಾಪ ಇವರ ಕೈಲಿ ಆಗುವುದಿಲ್ಲ ಎಂದು ಕನಿಕರಪಟ್ಟಳೋ? ಖರ್ಚು ಎನ್ನುವ ಶಬ್ದ ನನ್ನನ್ನು ಚುಚ್ಚಿತು. ಕೇಳಬೇಕೆಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಉತ್ತರ ಎಂಥದ್ದು ಬಂದೀತೋ ಎಂಬ ಭಯ.

ಆ ತೊಟ್ಟಿಲು ಅಲ್ಲಿಯವರೆಗೆ ಓಣಿ ದಾಟಿದ್ದೇ ಇರಲಿಲ್ಲ. ಖಾಲಾ ಹತ್ತಿರ ಒಪ್ಪಿಗೆ ಕೇಳಲಿಕ್ಕೆ ಹೋದೆ. ಅವಳು, “ಇಲ್ಲಿ ಈಗ ಯಾರಿಗಿ ಬೇಕಾಗ್ಯದ ಬೇಟಿ? ಒಯ್ಲಿ ಬಿಡು,” ಎಂದಳು. ಟೆಂಪೋಕ್ಕೆ ಏರಿಸುವಾಗ ಓಣಿಯ ನಾಲ್ಕೈದು ಮುದುಕಿಯರು ಬಂದು ನಿಂತಿದ್ದರು. ಹಿಂದಿನ ಹಾಗೆ ಯಾರೂ ನಗಲಿಲ್ಲ.

ಹುಮನಾಬಾದಿನಲ್ಲಿ ಬೀಗಿತ್ತಿ ಆರತಿ ಎತ್ತಿ ಕೂಸನ್ನು ಒಳಗೆ ಕರೆದುಕೊಂಡರು. ಟೆಂಪೋದಿಂದ ಇಳಿದ ತೊಟ್ಟಿಲನ್ನು ನೋಡಿದರು, ಅದರ ಹಿಂದೆ ಇನ್ನೇನಾದರೂ ಇಳಿದೀತೇ ಎಂದು ಕಾದರು. ಹಳೆಯದಲ್ಲವೇ ಇದು ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. “ಇರ್ಲಿ ಬಿಡ್ರಿ,” ಎಂದರು. ಒಂದು ಬೈಗುಳವನ್ನಾದರೂ ತಡೆದುಕೊಂಡೇನು, ಆ ‘ಇರ್ಲಿ ಬಿಡ್ರಿ’ ತಡೆಯಲಾಗಲಿಲ್ಲ. ಹೋಳಿಗೆ ಊಟ ಮುಗಿಸಿ ಅದೇ ಟೆಂಪೋದಲ್ಲಿ ವಾಪಸು ಬಂದೆವು.

ಕೆಲವು ತಿಂಗಳ ಮೇಲೆ, ಕಬ್ಬಿನ ಹಂಗಾಮಿನಲ್ಲಿ, ಮೊಮ್ಮಗಳನ್ನು ನೋಡಬೇಕೆನ್ನಿಸಿ ಒಬ್ಬಳೇ ಬಸ್ಸು ಹತ್ತಿದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ ತೆವಳಿ ಹುಮನಾಬಾದು ಮುಟ್ಟಿತು. ಮಗಳು ಅಂಗಡಿಗೆ ಹೋಗಿದ್ದಳು. ಪಡಸಾಲೆಯಲ್ಲಿ ಕಾಲಿಟ್ಟವಳೇ ನೋಡಿದೆ, ತೊಟ್ಟಿಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಆಟಿಕೆಯ ರಟ್ಟಿನ ಡಬ್ಬಿಗಳು. ಕೂಸು ಸೋಫಾದ ಪಕ್ಕದಲ್ಲಿ, ಚಾವಣಿಯ ಕೊಂಡಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ಗುಜರಿಗೆ ಹಾಕಿದ್ದಾರೆ ಎಂದುಕೊಂಡೆ. ಹಾಕಲು ಹೇಳಿದವಳು ನನ್ನ ಮಗಳೇ ಆಗಿದ್ದರೆ ಎಂಬ ಯೋಚನೆಯೂ ಬಂತು.

ನಾನು ಬಾಯಿ ತೆಗೆಯುವ ಮೊದಲೇ ಬೀಗಿತ್ತಿ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ನನಗಿಂತ ಹೆಚ್ಚು ಸಿಟ್ಟು ಅವರಿಗಿತ್ತು. ನಿಮ್ಮ ಮಗಳಿಗೆ ನೀವೇ ಬುದ್ಧಿ ಹೇಳಬೇಕು ಎಂದರು. ಹಿಂದಿನ ಸಾಲಿನಲ್ಲಿ ಬಾಡಿಗೆಗಿರುವ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನ ಹೆಂಡತಿಗೆ ಕೂಸಾಯಿತಂತೆ. ಕೇಳಿದ ದಿನವೇ ನನ್ನ ಮಗಳು ತನ್ನ ಕೂಸನ್ನು ಎತ್ತಿ, ತೊಟ್ಟಿಲು ತೊಳೆದು, ಜೋಳ ಗುಗ್ಗರಿ ಇಟ್ಟು ಹೊರಿಸಿಕೊಂಡು ಹೋದಳಂತೆ. ಅವರಿಗೆ ಬೇಕಾದರೆ ಹೊಸದು ಕೊಡಿಸೋಣ, ನಮ್ಮದು ನಮಗಿರಲಿ ಎಂದು ಬೀಗಿತ್ತಿ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ನಿನ್ನ ಕೂಸು ದೊಡ್ಡದಾದ ಮೇಲೆ ಮುಂದಿನ ಮನೆಗೆ ಕಳಿಸಬೇಕೆಂದು ಆ ಬಾಣಂತಿಗೂ ಹೇಳಿಬಂದಿದ್ದಾಳಂತೆ.

“ಕೇಳಿದ್ರ ಏನಂತಾಳ ಗೊತ್ತೇನ್ರಿ? ‘ನಮ್ಮ ತವರಾಗ ಹಿಂಗೇ ಇರ್ತದ, ನಿಮಗ ತಿಳಿಯಂಗಿಲ್ಲ’ ಅಂತಾಳ. ದಿನಾ ಇದೇ ರಾಗ. ನಮ್ಮ ತವರಾಗ ಫ್ರಿಜ್ ಇಲ್ಲ, ನಮ್ಮ ತವರಾಗ ಸೋಫಾ ಇಲ್ಲ, ನಮ್ಮಪ್ಪ ಒಂದು ಚೂರು ಬಟ್ಟಿ ಒಗ್ಯಂಗಿಲ್ಲ ಅಂತ ಓಣಿಗೆಲ್ಲ ಹೇಳ್ಕೊಂಡ ಬರ್ತಾಳ. ತವರಾಗ ಏನೂ ಇಲ್ಲ ಅಂತ ಯಾರಾರ ಜಂಬ ಪಡ್ತಾರೇನ್ರಿ?”

ನಾನು ಗ್ಯಾಸಿನ ಒಲೆಯ ಕಡೆ ಮುಖ ತಿರುಗಿಸಿದೆ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ಬೀಗಿತ್ತಿ ನೋಡಿದರೆ ತಮ್ಮ ಮಾತಿಗೆ ನೊಂದೆನೆಂದು ತಿಳಿಯುತ್ತಿದ್ದರು.

“ತಪ್ಪದ್ರೀ ಅಕ್ಕಾರ,” ಎಂದೆ. “ನಾ ಹೇಳ್ತೀನಿ ಆಕಿಗಿ.”

ಹೇಳಲಿಲ್ಲ. ಮಗಳು ಅಂಗಡಿಯಿಂದ ಬಂದಾಗ ಚಹಾ ಕುಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿದೆ, ಅಷ್ಟೇ. ಸಂಜೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಬಂದು, ಚಪ್ಪಲಿ ಬಿಡುವ ಮೊದಲೇ ಬೀಗಿತ್ತಿಯ ದೂರನ್ನು ಗಂಡನಿಗೆ ಒಪ್ಪಿಸಿದೆ. ಅವರು ಮಷೀನು ನಿಲ್ಲಿಸಿ, ಕನ್ನಡಕ ತೆಗೆದು, ಪೂರ್ತಿ ಕೇಳಿದರು.

“ಏನಂದ್ರು ಅವ್ರು?” ಎಂದರು ಆಮೇಲೆ. “ಇನ್ನೊಮ್ಮಿ ಹೇಳು.”

ಇನ್ನೊಮ್ಮೆ ಹೇಳಿದೆ.