ಹಂದಿ ಅಮಲ್ದಾರನ ಮೂರು ಅಧಿಕಾರ

ನಲವತ್ತೈದು ವರ್ಷದವರೆಗೆ ಜೋಥಮ್ ಟಫ್ಟ್‌ನ ಸಂಸಾರವೆಂದರೆ ಅವನು ಕಟ್ಟುವ ಪೀಪಾಯಿಗಳು ಮತ್ತು ಪಾದ್ರಿಯಿಂದ ಎರವಲು ತಂದು ಹಿಂದಿರುಗಿಸದ ಒಂದು ದಪ್ಪ ಪುಸ್ತಕ. ಹಗಲೆಲ್ಲ ಓಕ್ ಹಲಗೆ ಬಾಗಿಸುವುದು, ಸಂಜೆ ಹೆಂಡದಂಗಡಿಯಲ್ಲಿ ಕುಳಿತು ಮಂದಿಯ ತಲೆ ತಿನ್ನುವುದು. ಫ್ರಾನ್ಸಿನ ಪಂಡಿತನೊಬ್ಬ ಬರೆದ ಆ ಪುಸ್ತಕದ ಸಾರ ಊರಿಗೆಲ್ಲ ಬಾಯಿಪಾಠವಾಗಿತ್ತು: ಕಾನೂನು ಮಾಡುವ ಕೈ, ಜಾರಿ ಮಾಡುವ ಕೈ, ತೀರ್ಪು ಕೊಡುವ ಕೈ ಬೇರೆ ಬೇರೆ ಇರಬೇಕು, ಮೂರೂ ಒಬ್ಬನಿಗೇ ಸಿಕ್ಕಿದರೆ ಅವನು ದೊರೆಯಾಗಿ ಮೆರೆಯುತ್ತಾನೆ. ಫಿಲಡೆಲ್ಫಿಯಾದಲ್ಲಿ ಅಮೆರಿಕದ ಹೊಸ ಸಂವಿಧಾನ ಬರೆದವರೂ ಅದೇ ದಾರಿ ಹಿಡಿದಿದ್ದಾರೆಂದು ಪತ್ರಿಕೆಯಲ್ಲಿ ಬಂದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಆ ಮಹನೀಯರು ತನ್ನನ್ನು ಕೇಳಿಯೇ ಬರೆದರೆಂಬಂತೆ ಎದೆಯುಬ್ಬಿಸಿ ಓಡಾಡಿದ.

ಆ ಚಳಿಗಾಲದಲ್ಲಿ ಅವನಿಗೆ ಮದುವೆಯಾಯಿತು. ಹೆಣ್ಣು ವಿಧವೆ ಮೆಹಿಟಬಲ್. ಅವಳ ಜೊತೆ ಎರಡು ಕಬ್ಬಿಣದ ಪಾತ್ರೆ, ಒಂದು ಗರಿಯ ಹಾಸಿಗೆ, ಅವಳೇ ಮುದ್ದಿನಿಂದ ಸಾಕಿದ ಒಂದು ಹೆಣ್ಣುಹಂದಿ ಬಂದವು. ಅವಳು ಒಲೆಯ ಮುಂದೆ ಗುನುಗುತ್ತ ಜೋಳದ ಗಂಜಿ ಕಲಕುವುದನ್ನು ನೋಡಿದಾಗಲೆಲ್ಲ ಜೋಥಮ್‌ನ ಕಣ್ಣು ತುಂಬುತ್ತಿತ್ತು. ಇವಳನ್ನು ಕಳೆದುಕೊಂಡರೆ ತಾನು ಬದುಕಲಾರೆ ಎಂಬ ಭಯವೂ ಹುಟ್ಟಿತ್ತು.

ಮ್ಯಾಸಚೂಸೆಟ್ಸಿನ ಆ ಊರುಗಳಲ್ಲಿ ಹೊಸ ಮದುಮಗನನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ. ಮಾರ್ಚ್ ತಿಂಗಳ ಊರಸಭೆಯಲ್ಲಿ ತಮಾಷೆಗೆಂದೇ ಅವನನ್ನು ಹಂದಿ ಅಮಲ್ದಾರನನ್ನಾಗಿ ಆರಿಸಿದರು. ನೆಲ ಅಗೆಯದಂತೆ ಮೂಗಿಗೆ ಹಾಕುವ ಉಂಗುರವಿಲ್ಲದೆ ಅಲೆಯುವ ಹಂದಿಗಳನ್ನು ಹಿಡಿದು ದೊಡ್ಡಿಗೆ ತಳ್ಳಬೇಕು, ಆದ ಹಾನಿಗೆ ತೀರ್ಮಾನವನ್ನೂ ಹೇಳಬೇಕು. ಕೈಯೆತ್ತುವಾಗಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೋಥಮ್ ಮಾತ್ರ ಗಂಭೀರವಾಗಿ ಎದ್ದು ನಿಂತ.

"ಹಿಡಿಯೋದು ಹಿಡೀತೀನಿ. ತೀರ್ಪು ಮಾತ್ರ ಬೇರೆಯವರು ಕೊಡ್ಲಿ. ಎರಡೂ ನಾನೇ ಮಾಡಿದ್ರೆ ನಾನೂ ಒಬ್ಬ ದೊರೇನೇ!"

"ಹಂದಿಗಳ ದೊರೆ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಮೇ ತಿಂಗಳಲ್ಲೊಂದು ದಿನ ಚರ್ಚಿನ ಹಿರಿಯ ಏಸಾ ಗೋರಂ ಅವನ ಬಾಗಿಲಿಗೆ ಬಂದ.

"ಏನಪ್ಪಾ ಅಮಲ್ದಾರ, ನನ್ನ ಬಟಾಣಿ ಪಾತಿಯೆಲ್ಲ ಗುಡಿಸಿ ಗುಂಡಾಂತರ ಆಗಿದೆ. ಕಳ್ಳಿ ಇನ್ನೂ ಅಲ್ಲೇ ಮಲಗಿದ್ದಾಳೆ. ನಿನ್ನ ಹೆಂಡ್ತೀದೇ ಹಂದಿ. ಹಿಡೀತೀಯೋ, ಇಲ್ಲಾ ಪುಸ್ತಕ ನೋಡಿ ಹೇಳ್ತೀಯೋ?"

ಜೋಥಮ್ ಹಿಡಿದ. ಮೂರು ಸಲ ಬೋರಲು ಬಿದ್ದು, ಕೆಸರಲ್ಲಿ ಟೋಪಿ ಕಳೆದುಕೊಂಡು, ಬೇಲಿ ಹತ್ತಿ ಕೂತ ಮಂದಿಯ ಚಪ್ಪಾಳೆಯ ನಡುವೆ ಹಂದಿಯನ್ನು ದೊಡ್ಡಿಗೆ ತಳ್ಳಿದ. ತೀರ್ಪು ಕೊಡಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಮೆಹಿಟಬಲಳ ಬಾಯಿಗೆ ಬೀಳುವ ಧೈರ್ಯ ಆ ಊರಲ್ಲಿ ಯಾರಿಗಿತ್ತು?

ಮನೆಗೆ ಬಂದರೆ ಒಲೆ ಆರಿತ್ತು. ಮೆಹಿಟಬಲ್ ಬಟ್ಟೆ ಗಂಟು ಕಟ್ಟಿಕೊಂಡು ತಂಗಿಯ ಮನೆಗೆ ಹೊರಟು ನಿಂತಿದ್ದಳು. ಜೋಥಮ್ ಬಾಗಿಲಿಗೆ ಅಡ್ಡ ನಿಂತ.

"ನಿನ್ನ ಹಂದಿಗೆ ನಾನೇ ತೀರ್ಪು ಕೊಡೋಕಾಗತ್ತೇನೇ?" ಎಂದು ತೊದಲಿದ.

"ನನ್ನ ಹಂದೀನಾ? ಯಾವ ಕಾನೂನಲ್ಲಿದೆ? ಮದುವೆ ದಿನಾನೇ ಪಾತ್ರೆ, ಹಾಸಿಗೆ, ಹಂದಿ ಎಲ್ಲಾ ನಿಮ್ಮದಾಯ್ತಲ್ಲ ರೀ! ನಿಮ್ಮ ಹಂದೀನ ನೀವೇ ಹಿಡ್ಕೊಂಡು ಹೋದ್ರಿ, ಅಷ್ಟೇ. ಈ ಮನೇಲಿ ಕಾನೂನು ಮಾಡೋರೂ ನೀವೇ, ಜಾರಿ ಮಾಡೋರೂ ನೀವೇ, ತೀರ್ಪು ಕೊಡೋರೂ ನೀವೇ. ಇದಕ್ಕೇನಂತಾರೆ ನಿಮ್ಮ ಫ್ರಾನ್ಸಿನೋರು?"

ಜೋಥಮ್ ಪುಸ್ತಕದ ಕಡೆ ನೋಡಿದ. ಅದರಲ್ಲಿ ಈ ಪ್ರಶ್ನೆಗೆ ಉತ್ತರ ಓದಿದ ನೆನಪಾಗಲಿಲ್ಲ.

"ನನ್ನ ಮೊದಲನೇ ಗಂಡನ ಕೈಲೂ ಮೂರೂ ಇತ್ತು," ಎಂದಳು ಮೆಹಿಟಬಲ್, ದನಿ ತಗ್ಗಿಸಿ. "ಅವನು ಓದಿದೋನಲ್ಲ. ಸುಮ್ನೆ ಬೆಲ್ಟ್ ಬಿಚ್ತಿದ್ದ."

ಇಷ್ಟು ವರ್ಷ ಅಷ್ಟೆಲ್ಲ ಮಾತಾಡಿ ತನ್ನ ಹೊಸ್ತಿಲೊಳಗೆ ಒಮ್ಮೆಯೂ ಇಣುಕಿ ನೋಡಲಿಲ್ಲವಲ್ಲ ಎಂದು ಜೋಥಮ್‌ನಿಗೆ ನಾಚಿಕೆಯಾಯಿತು.

"ಮೂರರಲ್ಲಿ ಎರಡು ನೀನು ತಗೋ," ಎಂದ ಕೊನೆಗೆ.

"ಯಾವ ಎರಡು?"

"ನೀನೇ ಆರಿಸ್ಕೋ."

ಮೆಹಿಟಬಲ್ ಗಂಟು ಕೆಳಗಿಟ್ಟಳು. ಜಾರಿ ಮಾಡುವುದನ್ನು ಗಂಡನಿಗೇ ಬಿಟ್ಟಳು.

ಮರುದಿನ ಮಟಮಟ ಮಧ್ಯಾಹ್ನ ಊರಿನ ಹಂದಿ ಅಮಲ್ದಾರ ಗೋರಂನ ಪಾತಿಯಲ್ಲಿ ಮಂಡಿಯೂರಿ ಬಟಾಣಿ ಬಿತ್ತುತ್ತಿದ್ದ. ಬೇಲಿಯ ಮೇಲೆ ಮತ್ತೆ ಮಂದಿ ಸೇರಿತ್ತು.

"ಅಂತೂ ತೀರ್ಪು ಕೊಡೋರು ಸಿಕ್ಕಿದ್ರಾ?" ಎಂದು ಗೋರಂ ಕಿಚಾಯಿಸಿದ. "ಯಾರಪ್ಪಾ ಆ ಮಹಾನುಭಾವ?"

"ನಮ್ಮನೇಲೇ ಇದಾರೆ, ಹಿರಿಯರೇ," ಎಂದ ಜೋಥಮ್, ಮಣ್ಣಿನಿಂದ ತಲೆಯೆತ್ತದೆ. "ಹೊರಟು ನಿಂತಿದ್ರು. ಉಳ್ಕೊಂಡ್ರು."