ಕ್ಯಾಮೆರಾಕ್ಕೆ ಸಿಗದ ಆಟಗಾರ

ಹೊರದೇಶದಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದಾನೆ ಎಂದರೆ ನೆಂಟರೆಲ್ಲ ನನ್ನನ್ನು ಭಾರಿ ಕುಳ ಎಂದುಕೊಂಡಿದ್ದಾರೆ. ನಾನೋ, ತುಂಬಿದ ಬಸ್ಸಿನಲ್ಲಿ ಹಿಂದಿನವರ ಚಿಲ್ಲರೆಯನ್ನು ಕಂಡಕ್ಟರನಿಗೆ ದಾಟಿಸುವ ಪ್ರಯಾಣಿಕನ ಹಾಗೆ, ಮೈದಾನದ ನಡುವೆ ನಿಂತು ಹಿಂದಿನವನ ಚೆಂಡನ್ನು ಮುಂದಿನವನಿಗೆ ದಾಟಿಸುವ ಆಸಾಮಿ. ಹನ್ನೊಂದು ವರ್ಷದಲ್ಲಿ ಐದು ದೇಶ, ಎಂಟು ಕ್ಲಬ್ಬು. ಗೋಲು ಮೂರು, ಅದರಲ್ಲೊಂದು ನಮ್ಮದೇ ಬಲೆಗೆ. ಐದು ಭಾಷೆಯಲ್ಲೂ "ಹಿಂದೆ ಬಂದ, ನೋಡು!" ಎಂದು ಕಿರುಚಬಲ್ಲೆ, ಊಟದ ಮೇಜಿನಲ್ಲಿ ಉಪ್ಪು ಕೇಳಲು ಮಾತ್ರ ಕೈಸನ್ನೆಯೇ ಗತಿ. ಪತ್ರಿಕೆಯವರು ನನ್ನನ್ನು 'ಅನುಭವಿ' ಎಂದು ಬರೆಯುತ್ತಾರೆ. ವಯಸ್ಸಾಯಿತು ಎನ್ನಲು ಅವರಿಗೆ ಸಂಕೋಚ. ಪಂದ್ಯ ಮುಗಿಸಿ, ಬಾಡಿಗೆ ಕೋಣೆಯಲ್ಲಿ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಅಮ್ಮನಿಗೆ ಫೋನು ಮಾಡಿದರೆ ಅವಳದು ಒಂದೇ ದೂರು: "ತೊಂಬತ್ತು ನಿಮಿಷ ಟಿವಿ ಮುಂದೆ ಕಣ್ಣು ಬಿಟ್ಕೊಂಡು ಕೂತಿದ್ದೆ. ನೀನೆಲ್ಲೋ ಇದ್ದೆ?" ಅವಳ ತಪ್ಪೇನಿಲ್ಲ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ನಾನು ಚೆಂಡು ಬಂದದ್ದೇ ತಡ, ಕೊಟ್ಟುಬಿಟ್ಟಿರುತ್ತೇನೆ. ಅದಕ್ಕೇ ಈಚೆಗೆ ಪಂದ್ಯಕ್ಕೊಮ್ಮೆ ಚೆಂಡನ್ನು ಕಾಲಡಿ ಒತ್ತಿಹಿಡಿದು, ತಲೆಯೆತ್ತಿ, ಒಂದು ಕ್ಷಣ ಸುಮ್ಮನೆ ನಿಲ್ಲುತ್ತೇನೆ. ಮೊನ್ನೆ ಹಾಗೆ ನಿಂತಾಗ ಎದುರಾಳಿಯೊಬ್ಬ ಅದನ್ನು ಕಸಿದುಕೊಂಡು ಹೋಗಿ ಗೋಲು ಹೊಡೆದ. ತರಬೇತುದಾರ ನನ್ನನ್ನು ಹೊರಗೆ ಕರೆದು, "ಏನಾಯ್ತಯ್ಯಾ ನಿಂಗೆ? ನಿದ್ದೆ ಬಂತಾ?" ಎಂದ. ಕಾಲು ಜಾರಿತು ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕೂತೆ. ಸಂಜೆ ಅಮ್ಮನೇ ಫೋನು ಮಾಡಿದಳು: "ಇವತ್ತು ಕಂಡೆ ಕಣೋ! ಚೆನ್ನಾಗಿ ಕಂಡೆ. ಕಿವಿ ಹತ್ರ ಕೂದ್ಲೆಲ್ಲ ಬೆಳ್ಳಗಾಗಿದೆಯಲ್ಲೋ."