ಡಿಗ್ರಿ ಕೇಳಿದ ಗುಂಪು

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ಶರೀಫಸಾಬರು, 2006ರಲ್ಲಿ ಮಗಳು ಗುಲ್ನಾಜಳ ಒತ್ತಾಯಕ್ಕೆ ಮೋಟಾರು ತಂತ್ರಜ್ಞರ ಆನ್‌ಲೈನ್ ಗುಂಪು ಸೇರಲು ಸೈಬರ್ ಕೆಫೆಗೆ ಹೋದರು. ಗುಂಪು ನಡೆಸುತ್ತಿದ್ದ ಇಂಜಿನಿಯರ್ ಹನಮೇಶ, "ಡಿಗ್ರಿ ಇಲ್ಲದವರಿಗೆ ಪ್ರವೇಶವಿಲ್ಲ" ಎಂದು ಉತ್ತರ ಬರೆದ.

ಅದೇ ಪುಟದಲ್ಲಿದ್ದ ಅವನ ಲೇಖನವನ್ನು ಗುಲ್ನಾಜ ಓದಿ ಹೇಳಿದಳು. ಹಿಂದೊಮ್ಮೆ ಶರೀಫಸಾಬರ ಅಂಗಡಿಯಲ್ಲಿ ಕೂತು, ಇವರದೇ ಚಹಾ ಕುಡಿದು ಕಲಿತುಹೋದ ಕೆಲಸವನ್ನು ಆ ಮನುಷ್ಯ ತನ್ನ ಶೋಧವೆಂದು ಬರೆದಿದ್ದ. ಹೊಗಳಿದವರೇ ನಲವತ್ತು ಮಂದಿ!

ಶರೀಫಸಾಬರಿಗೆ ಮೈಯೆಲ್ಲ ಉರಿಯಿತು.

"ಸುತ್ತಿದ ತಂತಿಗೆ ವಾರ್ನಿಶ್ ಹಚ್ಚಿ ಎರಡ ದಿನಾ ಒಣಗಸ್ಬೇಕಂತ ಬರದಾನೇನು?"

"ಇಲ್ಲ, ಅಬ್ಬಾ."

"ಹಂಗಾರ ನಲವತ್ತೂ ಮಂದಿ ಸುಟ್ಟ ಮೋಟಾರ್ ಹೊತ್ಕೊಂಡ ನಮ್ಮ ಅಂಗಡಿಗೇ ಬರ್ತಾರ. ಡಿಗ್ರಿ ಇದ್ದವ್ರು ಒಳಗ ಬರಬ್ಯಾಡ್ರಿ ಅಂತ ಬಾಗಲಕ್ಕ ಬೋರ್ಡ್ ಹಾಕು."